ಗಾಳಿಯಂತ್ರಗಳೂ ಗರುಡಪಕ್ಷಿಗಳೂ

ಗಾಳಿಯನ್ನು ದುಡಿಸಿಕೊಂಡು ವಿದ್ಯುಚ್ಛಕ್ತಿಯನ್ನು ಪಡೆಯುವ ವಿದ್ಯೆಯು ಈಗ ನಮ್ಮ ನಾಡಿನವರಿಗೆ ಅಪರಿಚಿತವಾದುದಲ್ಲ. ಚಿತ್ರದುರ್ಗದ ಜೋಗಿಮಟ್ಟಿಯ ಕಡೆಯ ಬೆಟ್ಟಗಳ ಮೇಲೆಯೂ ಗದಗದ ಕಪ್ಪತಗುಡ್ಡದ ಸಾಲಿನಲ್ಲಿಯೂ ಮೂರು ಅಲಗುಗಳ ಬಿಳಿಯ ಚಕ್ರಗಳು ತಿರುಗುತ್ತಿರುವುದನ್ನು ಆ ದಾರಿಯಲ್ಲಿ ಹೋದವರೆಲ್ಲರೂ ನೋಡಿರುತ್ತಾರೆ. ಹೊಗೆಯಿಲ್ಲ, ಬೂದಿಯಿಲ್ಲ, ಕಲ್ಲಿದ್ದಲನ್ನು ಅಗೆಯಬೇಕಾಗಿಲ್ಲ, ನದಿಗೆ ಅಡ್ಡಗಟ್ಟೆಯನ್ನು ಹಾಕಿ ಊರುಗಳನ್ನು ಮುಳುಗಿಸಬೇಕಾಗಿಲ್ಲ. ಇಷ್ಟು ಸಾಧುವಾದ ಯಂತ್ರವು ಇನ್ನೊಂದಿಲ್ಲವೆಂದು ಹೇಳುವವರ ಮಾತಿನಲ್ಲಿ ಬಹುಮಟ್ಟಿಗೆ ಸತ್ಯವಿದೆ. ಆದರೆ ಈ ಚಕ್ರಗಳು ತಿರುಗುವ ಆಕಾಶಕ್ಕೆ ಮನುಷ್ಯನಿಗಿಂತ ಮೊದಲಿನ ಒಕ್ಕಲೊಂದು ಉಂಟು. ಆ ಒಕ್ಕಲಿನ ಪಾಡು ಏನಾಯಿತೆಂದು ವಿಚಾರಿಸುವ ಬುದ್ಧಿಯು ಲೋಕಕ್ಕೆ ಎಲ್ಲಿ, ಯಾವಾಗ, ಎಷ್ಟು ತಡವಾಗಿ ಬಂದಿತೆಂಬುದನ್ನು ತಿಳಿಸುವುದೇ ಪ್ರಕೃತ ಲೇಖನದ ಉದ್ದೇಶವು. ಈ ಚರಿತ್ರೆಯ ಬಹುಭಾಗವು ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಒಂದೇ ಒಂದು ಕಣಿವೆಯಲ್ಲಿ ನಡೆದುದಾದ್ದರಿಂದ ವಾಚಕರು ಅಲ್ಲಿಯೇ ಹೆಚ್ಚು ಹೊತ್ತು ನನ್ನೊಡನೆ ನಿಲ್ಲಬೇಕಾಗುವುದು.

ಮನುಷ್ಯನು ಆಕಾಶದಲ್ಲಿ ನಿಲ್ಲಿಸಿದ ವಸ್ತುಗಳಿಗೆ ತಾಗಿ ಹಕ್ಕಿಗಳು ಸಾಯುವುದು ಹೊಸ ಸುದ್ದಿಯೇನೂ ಅಲ್ಲ. ವಲಸೆಯ ಕಾಲದಲ್ಲಿ ಕಡಲಕರೆಯ ದೀಪಸ್ತಂಭಗಳ ಬುಡದಲ್ಲಿ ಸತ್ತ ಹಕ್ಕಿಗಳು ಬಿದ್ದಿರುವುದನ್ನು ಅಲ್ಲಿಯ ಕಾವಲುಗಾರರು ಬಹುಕಾಲದಿಂದ ಬಲ್ಲರು. ಸೇನಾವೈದ್ಯನಾಗಿದ್ದು ಪಕ್ಷಿಶಾಸ್ತ್ರದಲ್ಲಿಯೂ ಹೆಸರುಪಡೆದ ಎಲಿಯಟ್ ಕೌಸ್ ಎಂಬ ಅಮೆರಿಕದ ವಿದ್ವಾಂಸನು 1876ರಲ್ಲಿ ಟೆಲಿಗ್ರಾಫ್ ತಂತಿಗಳಿಗೆ ಬಡಿದು ಸಾಯುವ ಹಕ್ಕಿಗಳ ವಿಷಯವಾಗಿ ಒಂದು ಲೇಖನವನ್ನು ಪ್ರಕಟಿಸಿದನು. ಕುದುರೆಯ ಮೇಲೆ ಪ್ರಯಾಣಮಾಡುತ್ತ ತಂತಿಯ ಕೆಳಗೆ ಸತ್ತು ಬಿದ್ದಿದ್ದ ಬಾನಾಡಿ ಜಾತಿಯ ಸಣ್ಣ ಹಕ್ಕಿಗಳನ್ನು ಆತನು ಎಣಿಸಿದ್ದನು. ತಂತಿಯು ಹಳ್ಳಿಹಳ್ಳಿಗೂ ಹಬ್ಬಿತು. ಲೇಖನವು ಪಕ್ಷಿಶಾಸ್ತ್ರಜ್ಞರ ಕಪಾಟಿನಲ್ಲಿ ಉಳಿಯಿತು.

ಗಾಳಿಯಿಂದ ವಿದ್ಯುತ್ತನ್ನು ತೆಗೆಯುವ ಪ್ರಯೋಗಗಳು ಅದಾದ ಸ್ವಲ್ಪ ಕಾಲದಲ್ಲಿಯೇ ಆರಂಭವಾದುವು. ಕ್ಲೀವ್‌ಲೆಂಡ್ ಪಟ್ಟಣದ ಚಾರ್ಲ್ಸ್ ಬ್ರಷ್ ಎಂಬಾತನು 1888ರಲ್ಲಿ ತನ್ನ ಮನೆಯ ಹಿತ್ತಲಿನಲ್ಲಿಯೇ ಒಂದು ದೊಡ್ಡ ಚಕ್ರವನ್ನು ನಿಲ್ಲಿಸಿದನು. ಡೆನ್ಮಾರ್ಕಿನ ಪೌಲ್ ಲಾ ಕೂರ್ ಎಂಬ ಉಪಾಧ್ಯಾಯನು 1891ರಿಂದ ಆಸ್ಕೊವ್ ಎಂಬ ಊರಿನಲ್ಲಿ ಈ ವಿದ್ಯೆಯನ್ನು ಶಾಸ್ತ್ರೀಯವಾಗಿ ಬೆಳೆಸಿದನು. 1941ರಲ್ಲಿ ವರ್ಮಾಂಟ್ ಸಂಸ್ಥಾನದ ಗುಡ್ಡವೊಂದರ ಮೇಲೆ 1,250 ಕಿಲೋವಾಟು ಶಕ್ತಿಯ ಯಂತ್ರವೊಂದು ಎದ್ದು, 1945ರಲ್ಲಿ ಅದರ ಅಲಗು ಮುರಿದು ಬಿದ್ದಿತು. ಇವೆಲ್ಲವೂ ಒಂಟಿ ಯಂತ್ರಗಳು. ಒಂಟಿ ಯಂತ್ರಕ್ಕೆ ಹಕ್ಕಿಯೊಂದು ಬಲಿಯಾದರೆ ಅದನ್ನು ಯಾರೂ ಬರೆದಿಡುವುದಿಲ್ಲ. ಯಂತ್ರಗಳು ಕಾಡಿನಂತೆ ಬೆಳೆದು ನಿಂತಾಗಲೇ ಈ ಪ್ರಶ್ನೆಯು ಹುಟ್ಟಿದುದು. ಅವು ಹಾಗೆ ಮೊದಲು ಬೆಳೆದು ನಿಂತುದು ಆಲ್ಟಮಾಂಟ್ ಎಂಬ ಕಣಿವೆಯಲ್ಲಿ.

ಸಾನ್ ಫ್ರಾನ್ಸಿಸ್ಕೋ ಪಟ್ಟಣದಿಂದ ಪೂರ್ವಕ್ಕೆ ಮೋಟಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿಯಲ್ಲಿ ಡಯಾಬ್ಲೊ ಬೆಟ್ಟಸಾಲಿನ ಅಂಚಿಗೆ ಈ ಕಣಿವೆಯಿದೆ. ಮರಗಳಿಲ್ಲದೆ ಹುಲ್ಲು ಮುಚ್ಚಿದ ದುಂಡುಗುಡ್ಡಗಳು, ನಡುನಡುವೆ ಕೊರಕಲುಗಳು. ನಮ್ಮ ಬಯಲುಸೀಮೆಯವರಿಗೆ ಪರಕೀಯವೆನಿಸದ ನೋಟ. ಮಳೆಗಾಲದಲ್ಲಿ ಹಸುರಾಗಿ ಬೇಸಗೆಯಲ್ಲಿ ಒಣಗಿ ಹೊಂಬಣ್ಣಕ್ಕೆ ತಿರುಗುವ ಆ ಹುಲ್ಲುಗಾವಲನ್ನು ದನಗಾಹಿಗಳು ತಲೆಮಾರುಗಳಿಂದ ದನಗಳನ್ನು ಮೇಯಿಸಲು ಬಳಸುತ್ತ ಬಂದಿದ್ದರು. ಪೂರ್ವದ ಕಡೆಯ ವಿಶಾಲವಾದ ಬಯಲು ಬೇಸಗೆಯಲ್ಲಿ ಕಾದು, ಅಲ್ಲಿಯ ಗಾಳಿ ಮೇಲಕ್ಕೇರುವುದು. ಆ ತೆರವನ್ನು ತುಂಬಲು ಪಶ್ಚಿಮದ ಶಾಂತಸಾಗರದ ತಣ್ಣನೆಯ ಗಾಳಿಯು ಕಣಿವೆಯ ಇಕ್ಕಟ್ಟಿನಲ್ಲಿ ನುಗ್ಗಿ ಬರುವುದು. ಹೀಗಾಗಿ ವಸಂತದಿಂದ ಶರತ್ಕಾಲದವರೆಗೆ ಅಲ್ಲಿ ಗಾಳಿಗೆ ಬಿಡುವೇ ಇಲ್ಲ.

1973ರಲ್ಲಿ ಅರಬ್ ದೇಶಗಳು ಎಣ್ಣೆಯನ್ನು ತಡೆಹಿಡಿದಾಗ ಅಮೆರಿಕದವರಿಗೆ ತಮ್ಮ ಸಂಪತ್ತಿನ ಬುಡವು ಪರರ ಕೈಯಲ್ಲಿರುವುದೆಂಬ ಅರಿವಾಯಿತು. 1978ರಲ್ಲಿ ಒಂದು ಶಾಸನವಾಗಿ, ಸಣ್ಣ ಉತ್ಪಾದಕರು ಗಾಳಿ ಮೊದಲಾದುವುಗಳಿಂದ ತೆಗೆದ ವಿದ್ಯುತ್ತನ್ನು ದೊಡ್ಡ ಕಂಪೆನಿಗಳು ಕೊಳ್ಳಲೇಬೇಕೆಂಬ ನಿಯಮವು ಬಂದಿತು. ಕೇಂದ್ರ ಸರಕಾರವು ಗಾಳಿಯಂತ್ರಕ್ಕೆ ಹಣಹೂಡಿದವರಿಗೆ ತೆರಿಗೆಯಲ್ಲಿ ರಿಯಾಯಿತಿಯನ್ನು ಕೊಟ್ಟಿತು. ಅದರ ಮೇಲೆ ಕ್ಯಾಲಿಫೋರ್ನಿಯಾ ಸಂಸ್ಥಾನವು ಜೆರಿ ಬ್ರೌನ್ ಗವರ್ನರಾಗಿದ್ದ ಕಾಲದಲ್ಲಿ ತನ್ನದೊಂದು ರಿಯಾಯಿತಿಯನ್ನು ಸೇರಿಸಿತು. ಎರಡೂ ಕೂಡಿ ಹೂಡಿದ ಹಣದ ಸುಮಾರು ಅರ್ಧದಷ್ಟು ತೆರಿಗೆಯ ರೂಪದಲ್ಲಿಯೇ ಹಿಂದಕ್ಕೆ ಬರುವಂತಾಯಿತು. ಈ ಗವರ್ನರನ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಈತನು ಇನ್ನೊಂದು ವೇಷದಲ್ಲಿ ಬರುವನು. 1981ರಿಂದ ಆಲ್ಟಮಾಂಟಿನ ಗುಡ್ಡಗಳ ಮೇಲೆ ಯಂತ್ರಗಳು ಸಾಲುಸಾಲಾಗಿ ಎದ್ದುವು. ವೈದ್ಯರು, ವಕೀಲರು, ಹಲ್ಲಿನ ಡಾಕ್ಟರುಗಳು ಎಂದೂ ನೋಡದ ಗುಡ್ಡದ ಮೇಲಿನ ಯಂತ್ರಗಳಲ್ಲಿ ಪಾಲುಗಾರರಾದರು. ಅವರಲ್ಲಿ ಕೆಲವರು ಒಕ್ಕಿದುದು ಗಾಳಿಯನ್ನಲ್ಲ, ತೆರಿಗೆಯನ್ನು ಎಂದು ಹಾಸ್ಯಗಾರರು ಆಡಿಕೊಂಡುದರಲ್ಲಿ ತಪ್ಪೇನೂ ಇಲ್ಲ. ಒಂದು ಕಾಲಕ್ಕೆ ಸುಮಾರು 150 ಚದರ ಕಿಲೋಮೀಟರು ನೆಲದಲ್ಲಿ 5,000ಕ್ಕೂ ಮೀರಿದ ಯಂತ್ರಗಳಿದ್ದುವು. ಲೋಕದಲ್ಲಿ ಮತ್ತೆಲ್ಲಿಯೂ ಆಗ ಅಷ್ಟೊಂದು ಯಂತ್ರಗಳು ಒಂದೆಡೆ ಇದ್ದಿಲ್ಲ.

ಯಂತ್ರಗಳನ್ನು ಎಲ್ಲಿ ನಿಲ್ಲಿಸಬೇಕೆಂಬುದಕ್ಕೆ ಗಾಳಿಯನ್ನು ಅಳೆದರು, ನೆಲದ ಬಾಡಿಗೆಯನ್ನು ಗೊತ್ತುಮಾಡಿದರು, ವಿದ್ಯುತ್ತಂತಿಯು ಎಷ್ಟು ದೂರವೆಂದು ನೋಡಿದರು. ಆ ಗುಡ್ಡಗಳ ಮೇಲೆ ಯಾವ ಹಕ್ಕಿಗಳು ಹಾರಾಡುವುವೆಂದು ಮಾತ್ರ ಮೊದಲು ಅಳೆದು ನೋಡಲಿಲ್ಲ. ಹೊಂಬಣ್ಣದ ಕತ್ತುಳ್ಳ ಗೋಲ್ಡನ್ ಈಗಲ್ ಎಂಬ ಮಹಾಪಕ್ಷಿಗೆ, ನಾವು ಅದನ್ನು ಹೊನ್ನಗರುಡವೆಂದು ಕರೆಯೋಣ, 1962ರಿಂದಲೇ ಆ ದೇಶದಲ್ಲಿ ಶಾಸನದ ರಕ್ಷಣೆಯಿದ್ದಿತು. ಅದನ್ನು ಕೊಂದವನಿಗೆ ದಂಡವುಂಟು. ಆ ಗರುಡಗಳು ಲೋಕದಲ್ಲಿಯೇ ಅತ್ಯಂತ ದಟ್ಟವಾಗಿ ಗೂಡುಕಟ್ಟುವ ಸ್ಥಳಗಳಲ್ಲಿ ಆಲ್ಟಮಾಂಟಿನ ಸುತ್ತಣ ಡಯಾಬ್ಲೊ ಬೆಟ್ಟಸಾಲೂ ಒಂದು. ಹೀಗಿದ್ದೂ ಆ ಶಾಸನವನ್ನು ಬರೆದ ಸರಕಾರವೇ ಈ ಯಂತ್ರಗಳಿಗೆ ತೆರಿಗೆಯ ರಿಯಾಯಿತಿಯನ್ನೂ ಕೊಟ್ಟಿತು. ಇಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಒಂದು ಕಚೇರಿಯ ಕಾಗದವು ಇನ್ನೊಂದು ಕಚೇರಿಗೆ ಹೋಗಲಿಲ್ಲ, ಅಷ್ಟೇ. ನಮ್ಮಲ್ಲಿ ಇದು ಗೊತ್ತಿಲ್ಲದ ಸಂಗತಿಯಲ್ಲ.

ಆದರೆ ಗರುಡವು ಆ ಗುಡ್ಡಗಳಿಗೆ ಏಕೆ ಬರುವುದು? ಕಾರಣವು ಎರಡು. ಗಾಳಿಯು ಇಳಿಜಾರಿಗೆ ಬಡಿದು ಮೇಲಕ್ಕೆ ಚಿಮ್ಮುವಲ್ಲಿ ದೊಡ್ಡ ಹಕ್ಕಿಯು ರೆಕ್ಕೆಯನ್ನು ಬಡಿಯದೆಯೇ ತೇಲಬಲ್ಲುದು. ಮನುಷ್ಯನು ಯಂತ್ರಕ್ಕಾಗಿ ಆರಿಸಿದುದೂ ಅದೇ ಇಳಿಜಾರುಗಳನ್ನು. ಎರಡನೆಯದು ಆಹಾರ. ಆ ಹುಲ್ಲುಗಾವಲಿನಲ್ಲಿ ನೆಲದಲ್ಲಿ ಬಿಲ ತೋಡಿ ಬಾಳುವ ಒಂದು ಜಾತಿಯ ಅಳಿಲು ಅಪಾರವಾಗಿದೆ. ಗರುಡಕ್ಕೂ ಕೆಂಬಾಲದ ಗಿಡುಗಕ್ಕೂ ಅದೇ ಮುಖ್ಯವಾದ ಬೇಟೆ. ಅಳಿಲನ್ನು ಹುಡುಕುತ್ತ ಹಕ್ಕಿಯು ಗುಡ್ಡದ ಮೈಯನ್ನು ತಡವುವಂತೆ ಕೆಳಮಟ್ಟದಲ್ಲಿ ಹಾರುವುದು. ಅಂದಿನ ಯಂತ್ರಗಳಾದರೋ ಗಿಡ್ಡವಾದುವು. ಸಾಮಾನ್ಯವಾದ ಒಂದರ ಚಕ್ರದ ಅಡ್ಡಳತೆ ಸುಮಾರು 18 ಮೀಟರು, ಶಕ್ತಿ 100 ಕಿಲೋವಾಟು. ಅಲಗಿನ ತುದಿಯು ನೆಲದಿಂದ ತೆಂಗಿನಮರದಷ್ಟೂ ಎತ್ತರವಿಲ್ಲದಲ್ಲಿ ಸುತ್ತುತ್ತಿದ್ದಿತು. ಗರುಡವು ಬೇಟೆಯಾಡುವ ಎತ್ತರವೂ ಅದೇ.

ಇಷ್ಟು ತೀಕ್ಷ್ಣವಾದ ಕಣ್ಣುಳ್ಳ ಹಕ್ಕಿಗೆ ಇಷ್ಟು ದೊಡ್ಡ ಚಕ್ರವು ಕಾಣದೆಂದರೆ ನಂಬುವುದು ಕಷ್ಟ. ಮೇರಿಲೆಂಡ್ ವಿಶ್ವವಿದ್ಯಾನಿಲಯದ ವಿಲಿಯಂ ಹೋಡೋಸ್ ಎಂಬ ವಿದ್ವಾಂಸರು ಇದನ್ನು ಪರೀಕ್ಷಿಸಿ, ಹಕ್ಕಿಯು ಯಂತ್ರಕ್ಕೆ ಸಮೀಪಿಸಿದಂತೆಲ್ಲ ಅಲಗಿನ ಬಿಂಬವು ಕಣ್ಣಿನ ಒಳಪರದೆಯ ಮೇಲೆ ಬಲು ವೇಗದಿಂದ ಸರಿದು ಕಲಸಿಹೋಗಿ, ಕೊನೆಗೆ ಅಲಗೇ ಮಾಯವಾದಂತೆ ತೋರುವುದೆಂದು ವಿವರಿಸಿದರು. ಬಂಡಿಯ ಚಕ್ರದ ಕೀಲುಗಳು ವೇಗದಲ್ಲಿ ಒಂದಾಗಿ ಕಾಣುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುವುದು. ಈಗಿನ ದೊಡ್ಡ ಯಂತ್ರಗಳಲ್ಲಿ ಅಲಗಿನ ತುದಿಯ ವೇಗವು ಗಂಟೆಗೆ 250 ಕಿಲೋಮೀಟರಿಗೂ ಮೀರುವುದುಂಟು. ದೂರದಿಂದ ಮಾತ್ರ ಅದು ಸೋಮಾರಿತನದಿಂದ ಸುತ್ತುವಂತೆ ಕಾಣುವುದು. ಮೇಲಾಗಿ, ಇಂಗ್ಲೆಂಡಿನ ಗ್ರಹಾಂ ಮಾರ್ಟಿನ್ ಮತ್ತು ಅವರ ಸಂಗಡಿಗರು 2010ರಲ್ಲಿಯೂ 2012ರಲ್ಲಿಯೂ ಪ್ರಕಟಿಸಿದ ಪರೀಕ್ಷೆಗಳಿಂದ ಇನ್ನೊಂದು ಸಂಗತಿಯು ಹೊರಪಟ್ಟಿತು. ಬಯಲಿನ ದೊಡ್ಡ ಹಕ್ಕಿಗಳೂ ರಣಹದ್ದುಗಳೂ ಆಹಾರಕ್ಕಾಗಿ ತಲೆಯನ್ನು ಕೆಳಕ್ಕೆ ಬಾಗಿಸಿದಾಗ ಅವುಗಳಿಗೆ ಮುಂದಿನ ದಾರಿಯು ಕಾಣುವುದೇ ಇಲ್ಲ. ಕೋಟಿ ವರ್ಷಗಳಿಂದ ಬರಿದಾಗಿದ್ದ ಬಯಲಿನ ಆಕಾಶದಲ್ಲಿ ಎದುರಿಗೆ ನೋಡುವ ಅಗತ್ಯವಾದರೂ ಅವಕ್ಕೆ ಎಲ್ಲಿತ್ತು?

ಸತ್ತ ಗರುಡಗಳ ಸುದ್ದಿಯು 1980ರ ದಶಕದ ಕೊನೆಯ ವೇಳೆಗೆ ಹೊರಗೆ ಬಂದಿತು. ಕ್ಯಾಲಿಫೋರ್ನಿಯಾದ ಶಕ್ತಿ ಆಯೋಗವು ಸಮೀಕ್ಷೆಯನ್ನು ನಡೆಸಲು ಏರ್ಪಾಟುಮಾಡಿತು. ಓರ್ಲಾಫ್ ಮತ್ತು ಫ್ಲ್ಯಾನರಿ ಎಂಬಿಬ್ಬರು 1989ರಿಂದ 1991ರವರೆಗೆ ಗುಡ್ಡಗಳನ್ನು ಸುತ್ತಿ 1992ರಲ್ಲಿ ವರದಿಯನ್ನು ಒಪ್ಪಿಸಿದರು. ವರ್ಷಕ್ಕೆ ನೂರಾರು ಬೇಟೆಹಕ್ಕಿಗಳು ಸಾಯುತ್ತಿರುವುವೆಂದೂ, ಸಾಲಿನ ಕೊನೆಯ ಯಂತ್ರಗಳೂ ಕೊರಕಲುಗಳಿಗೆ ಹತ್ತಿರವಾದ ಯಂತ್ರಗಳೂ ಹೆಚ್ಚು ಬಲಿ ತೆಗೆದುಕೊಳ್ಳುವುವೆಂದೂ ಅವರು ಕಂಡರು. ಎಲ್ಲ ಯಂತ್ರಗಳೂ ಸಮಾನವಾಗಿ ಕೊಲ್ಲುವುದಿಲ್ಲ. ಯಂತ್ರವು ನಿಂತ ಜಾಗವು ಕೊಲ್ಲುವುದು. ಈ ಮಾತು ಆ ವರದಿಯಲ್ಲಿ ಆಗಲೇ ಇದ್ದಿತು. ಅದನ್ನು ಕಾರ್ಯಕ್ಕೆ ತರಲು ಇನ್ನೂ ಇಪ್ಪತ್ತು ವರ್ಷಗಳು ಹಿಡಿದುವು.

ಹಕ್ಕಿಯ ಹೆಣಗಳನ್ನು ಎಣಿಸುವುದೆಂದರೆ ತೋರಿದಷ್ಟು ಸುಲಭವಲ್ಲ. ಈ ಚರಿತ್ರೆಯ ಜಗಳಗಳಲ್ಲಿ ಅರ್ಧವು ಈ ಎಣಿಕೆಯಿಂದಲೇ ಹುಟ್ಟಿದುದರಿಂದ ಅದನ್ನು ಸ್ವಲ್ಪ ವಿವರಿಸಬೇಕು. ಎಣಿಸುವವನು ಪ್ರತಿಯೊಂದು ಯಂತ್ರದ ಬುಡದಿಂದ ಸುಮಾರು 50 ಮೀಟರಿನವರೆಗೂ ಹುಲ್ಲಿನಲ್ಲಿ ಹಿಂದುಮುಂದಾಗಿ ನಡೆದು ಹುಡುಕುವನು. ಗರುಡದಂತಹ ದೊಡ್ಡ ಹಕ್ಕಿಯ ಹೆಣವು ಬಹುಕಾಲ ಉಳಿಯುವುದು. ಕೈಹಿಡಿಯಷ್ಟಿರುವ ಹಕ್ಕಿಯನ್ನಾದರೋ ನರಿಯೋ ಕಾಗೆಯೋ ಒಂದೆರಡು ದಿನಗಳಲ್ಲಿಯೇ ಎತ್ತಿಕೊಂಡು ಹೋಗುವುದು. ಉಳಿದುದೂ ಎತ್ತರದ ಹುಲ್ಲಿನಲ್ಲಿ ಕಣ್ಣಿಗೆ ಬೀಳದು. ಪೆಟ್ಟುತಿಂದು ದೂರಹೋಗಿ ಸತ್ತುದು ಲೆಕ್ಕಕ್ಕೇ ಬಾರದು. ಆದಕಾರಣ ಶಾಸ್ತ್ರಜ್ಞರು ತಾವೇ ಕೆಲವು ಹೆಣಗಳನ್ನು ಗುರುತುಮಾಡಿ ಇಟ್ಟು, ಅವು ಎಷ್ಟು ದಿನ ಉಳಿಯುವುವು, ಹುಡುಕುವವನಿಗೆ ನೂರರಲ್ಲಿ ಎಷ್ಟು ಸಿಕ್ಕುವುವು ಎಂಬುದನ್ನು ಪರೀಕ್ಷಿಸಿ, ಸಿಕ್ಕಿದ ಸಂಖ್ಯೆಯನ್ನು ಅದಕ್ಕೆ ತಕ್ಕಂತೆ ಹೆಚ್ಚಿಸುವರು. ಹೀಗೆ ಹೆಚ್ಚಿಸಿದ ಸಂಖ್ಯೆಯನ್ನು ಕಂಪೆನಿಗಳು ಊಹೆಯೆಂದು ತಳ್ಳಿಹಾಕಿದುವು. ಹೆಚ್ಚಿಸದ ಸಂಖ್ಯೆಯು ಸುಳ್ಳೆಂದು ಪಕ್ಷಿಪ್ರಿಯರು ವಾದಿಸಿದರು.

ಸ್ಮಾಲ್‌ವುಡ್ ಮತ್ತು ಥೆಲಾಂಡರ್ ಎಂಬುವರು ಈ ಕೆಲಸವನ್ನು ಹೆಚ್ಚು ವಿಸ್ತಾರವಾಗಿ ಮಾಡಿ, 2004ರಲ್ಲಿ ಶಕ್ತಿ ಆಯೋಗಕ್ಕೆ ವರದಿಯನ್ನೂ 2008ರಲ್ಲಿ ಶಾಸ್ತ್ರಪತ್ರಿಕೆಯಲ್ಲಿ ಪ್ರಬಂಧವನ್ನೂ ಪ್ರಕಟಿಸಿದರು. ಆಲ್ಟಮಾಂಟಿನಲ್ಲಿ ವರ್ಷಕ್ಕೆ ಸುಮಾರು 67 ಹೊನ್ನಗರುಡಗಳು, 188 ಕೆಂಬಾಲದ ಗಿಡುಗಗಳು, 348 ಸಣ್ಣ ಚಾಣಗಳು, 440 ಬಿಲವಾಸಿ ಗೂಬೆಗಳು, ಎಲ್ಲ ಜಾತಿಯೂ ಕೂಡಿ 2,710 ಹಕ್ಕಿಗಳು ಸಾಯುತ್ತಿವೆಯೆಂಬುದು 2008ರ ಪ್ರಬಂಧದ ಅಂದಾಜು.

ಈ ಸಂಖ್ಯೆಗಳನ್ನು ಕೇಳಿದವರು ಕೊಡುವ ಉತ್ತರವೊಂದು ಲೋಕಪ್ರಸಿದ್ಧವಾಗಿದೆ. ಬೆಕ್ಕುಗಳು ಕೊಲ್ಲುವ ಹಕ್ಕಿಗಳೆಷ್ಟು, ಕಟ್ಟಡಗಳ ಗಾಜಿಗೆ ಬಡಿದು ಸಾಯುವ ಹಕ್ಕಿಗಳೆಷ್ಟು ಎಂದು ಅವರು ಕೇಳುತ್ತಾರೆ. ಅಮೆರಿಕದಲ್ಲಿ ಬೆಕ್ಕುಗಳಿಂದ ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳೂ ಗಾಳಿಯಂತ್ರಗಳಿಂದ 1,40,000ದಿಂದ 3,28,000 ಹಕ್ಕಿಗಳೂ ಸಾಯುವುವೆಂದು 2013ರಲ್ಲಿ ಪ್ರಕಟವಾದ ಎರಡು ಅಂದಾಜುಗಳು ಹೇಳುವುದು ನಿಜ. ಆದರೆ ಯಾವ ಬೆಕ್ಕು ಗರುಡವನ್ನು ಹಿಡಿದೀತು? ವರ್ಷಕ್ಕೆ ಹಲವು ಸಲ ಮರಿಮಾಡುವ ಗುಬ್ಬಿಯ ಲೆಕ್ಕವೇ ಬೇರೆ. ಹೊನ್ನಗರುಡವು ಸಾಮಾನ್ಯವಾಗಿ ಐದು ವರ್ಷಕ್ಕೆ ಪ್ರಾಯಕ್ಕೆ ಬಂದು, ವರ್ಷಕ್ಕೆ ಹೆಚ್ಚಾಗಿ ಎರಡೇ ಮೊಟ್ಟೆಗಳನ್ನಿಟ್ಟು, ಎಷ್ಟೋ ವರ್ಷ ಒಂದು ಮರಿಯನ್ನೂ ಉಳಿಸಿಕೊಳ್ಳಲಾರದು. ಇಂತಹ ಹಕ್ಕಿಯ ಸಂತತಿಯು ಹಿರಿಯ ಹಕ್ಕಿಗಳ ದೀರ್ಘಾಯುಷ್ಯವನ್ನೇ ನಂಬಿಕೊಂಡಿರುವುದು. ಕೋಟಿಯನ್ನೂ ಲಕ್ಷವನ್ನೂ ಎದುರುಬದುರಾಗಿ ತೂಗುವ ಈ ವಾದವು ನನಗೆ ಲೆಕ್ಕವಾಗಿ ಕಾಣದೆ ನುಣುಚಿಕೊಳ್ಳುವ ಉಪಾಯವಾಗಿಯೇ ಕಾಣುವುದು.

ಗ್ರೇಂಜರ್ ಹಂಟ್ ಎಂಬುವರು ನಡೆಸಿದ ಶೋಧನೆಯು ಈ ವಿಷಯದಲ್ಲಿ ಅತ್ಯಂತ ಮುಖ್ಯವಾದುದು. ಹೆಣಗಳನ್ನು ಹುಡುಕುವುದನ್ನು ಬಿಟ್ಟು ಅವರು 1994ರಿಂದ ಜೀವಂತ ಗರುಡಗಳನ್ನೇ ಹಿಡಿದು, ಅವುಗಳ ಮೈಗೆ ಸಣ್ಣ ರೇಡಿಯೋ ಯಂತ್ರವನ್ನು ಕಟ್ಟಿ ಬಿಟ್ಟರು. ವರ್ಷಗಟ್ಟಲೆ ಅವುಗಳನ್ನು ಹಿಂಬಾಲಿಸಿ, ಯಾವುದು ಎಲ್ಲಿ ಏಕೆ ಸತ್ತಿತೆಂದು ಬರೆದಿಟ್ಟರು. ಸತ್ತುವುಗಳಲ್ಲಿ ಐದರಲ್ಲಿ ಸುಮಾರು ಎರಡು ಪಾಲು ಅಲಗಿನ ಪೆಟ್ಟಿನಿಂದಲೇ ಸತ್ತಿದ್ದುವು. ವಿಶೇಷವೇನೆಂದರೆ, ಗೂಡುಕಟ್ಟಿ ಸಂಸಾರ ಹೂಡಿದ ಜೋಡಿಗಳು ತಮ್ಮ ಸೀಮೆಯನ್ನು ಬಿಟ್ಟು ಹೆಚ್ಚಾಗಿ ಅಲೆಯುವುದಿಲ್ಲ. ಸಾಯುವವು ಬಹುಮಟ್ಟಿಗೆ ಇನ್ನೂ ಗೂಡು ಸಿಕ್ಕದ ತರುಣ ಹಕ್ಕಿಗಳು. ಇದರಿಂದ ನೋಡುವವನಿಗೆ ಮೋಸವಾಗುವುದು. ಗೂಡುಗಳೆಲ್ಲ ತುಂಬಿರುವುದನ್ನು ಕಂಡು ಸಂತತಿಯು ಕ್ಷೇಮವಾಗಿದೆಯೆಂದು ಆತನು ಭಾವಿಸುವನು. ಗೂಡಿನ ಒಡೆಯನು ಸತ್ತಾಗ ಅವನ ಜಾಗಕ್ಕೆ ಬರಬೇಕಾದ ತರುಣರ ಪಡೆಯು ಅಷ್ಟರಲ್ಲಿ ಕಣ್ಣಿಗೆ ಕಾಣದಂತೆ ಕರಗುತ್ತಿರುವುದು. ಆಲ್ಟಮಾಂಟಿನಲ್ಲಿ ವರ್ಷಕ್ಕೆ ಸಾಯುವ 55ರಿಂದ 65 ಗರುಡಗಳ ನಷ್ಟವನ್ನು ತುಂಬಬೇಕಾದರೆ 216ರಿಂದ 255 ಜೋಡಿಗಳು ಹೆತ್ತ ಮರಿಗಳೆಲ್ಲವೂ ಬೇಕಾಗುವುವೆಂದು ಹಂಟ್ ಮತ್ತು ಅವರ ಸಂಗಡಿಗರು 2017ರಲ್ಲಿ ಲೆಕ್ಕಹಾಕಿದರು. ಅದೇ ವರ್ಷ ಪ್ರಕಟವಾದ ಇನ್ನೊಂದು ಶೋಧನೆಯಲ್ಲಿ, ಸತ್ತ ಗರುಡಗಳ ಗರಿಗಳನ್ನು ಪರೀಕ್ಷಿಸಿ ನೋಡಲಾಗಿ, ಅವುಗಳಲ್ಲಿ ಕಾಲುಭಾಗಕ್ಕೂ ಹೆಚ್ಚು ದೂರದ ಪ್ರಾಂತಗಳಿಂದ ವಲಸೆ ಬಂದುವೆಂದು ಗೊತ್ತಾಯಿತು. ಒಂದು ಕಣಿವೆಯ ನಷ್ಟಕ್ಕೆ ದೂರದ ಬೆಟ್ಟಗಳೂ ಮರಿಗಳನ್ನು ತೆತ್ತುವೆಂದಾಯಿತು.

ಇತ್ತ ಪರಿಹಾರಕ್ಕಾಗಿ ನಡೆದ ಪ್ರಯತ್ನಗಳನ್ನೂ ಹೇಳಬೇಕು. ಜಾಲರಿಯ ಕಂಬಗಳ ಮೇಲೆ ಹಕ್ಕಿಗಳು ಕೂರುವುದೇ ಕಾರಣವೆಂದು ತಿಳಿದು ಕೂರದಂತೆ ತಂತಿಗಳನ್ನು ಕಟ್ಟಿ ನೋಡಿದರು. ಅಳಿಲುಗಳಿಗೆ ವಿಷವಿಡುವುದೂ ನಡೆಯಿತು. ಆದರೆ ಬಿಲವಾಸಿ ಗೂಬೆಯು ಅಳಿಲು ತೋಡಿದ ಬಿಲದಲ್ಲಿಯೇ ಸಂಸಾರ ಮಾಡುವುದಾದ್ದರಿಂದ ಒಂದನ್ನು ಕಾಯಲು ಹೋಗಿ ಇನ್ನೊಂದರ ಮನೆಯನ್ನು ಕೆಡಿಸಿದಂತಾಗುವುದು. ಗಾಳಿ ಮಂದವಾಗಿರುವ ಚಳಿಗಾಲದಲ್ಲಿ ಯಂತ್ರಗಳನ್ನು ನಿಲ್ಲಿಸುವ ಏರ್ಪಾಟು ಇವೆಲ್ಲಕ್ಕಿಂತ ವಿವೇಕವಾದುದು. 2004ರಲ್ಲಿ ಜೀವವೈವಿಧ್ಯ ಕೇಂದ್ರವೆಂಬ ಸಂಸ್ಥೆಯು ಕಂಪೆನಿಗಳ ಮೇಲೆ ನ್ಯಾಯಾಲಯಕ್ಕೆ ಹೋಯಿತು. 2008ರಲ್ಲಿ ಅಪೀಲು ನ್ಯಾಯಾಲಯವು ಕೊಟ್ಟ ತೀರ್ಪು ವಿಚಿತ್ರವಾಗಿದೆ: ವನ್ಯಜೀವಿಗಳು ಸಾರ್ವಜನಿಕರ ಪರವಾಗಿ ಸರಕಾರದ ವಶದಲ್ಲಿರುವ ಆಸ್ತಿಯೆಂಬುದನ್ನು ನ್ಯಾಯಾಧೀಶರು ಒಪ್ಪಿದರು, ಆದರೆ ಆ ಆಸ್ತಿಯನ್ನು ಕಾಯದಿದ್ದ ಸರಕಾರಿ ಅಧಿಕಾರಿಗಳ ಮೇಲೆ ದಾವೆ ಹೂಡಬೇಕಲ್ಲದೆ ಕಂಪೆನಿಗಳ ಮೇಲಲ್ಲವೆಂದು ಫಿರ್ಯಾದನ್ನು ತಳ್ಳಿಹಾಕಿದರು. ಇಷ್ಟರಲ್ಲಿ ಆಡುಬಾನ್ ಪಕ್ಷಿಸಂಘದವರು ಬೇರೆ ವ್ಯಾಜ್ಯವನ್ನು ಹೂಡಿ, 2007ರಲ್ಲಿ ರಾಜಿಯಾಗಿ, ನಾಲ್ಕು ಜಾತಿಯ ಬೇಟೆಹಕ್ಕಿಗಳ ಸಾವನ್ನು ಅರ್ಧಕ್ಕಿಳಿಸುವುದಾಗಿ ಕಂಪೆನಿಗಳಿಂದ ಮಾತನ್ನು ಪಡೆದಿದ್ದರು.

2010ರ ಡಿಸೆಂಬರಿನಲ್ಲಿ ಸಂಸ್ಥಾನದ ಅಟಾರ್ನಿ ಜನರಲ್ ಅವರ ಮಧ್ಯಸ್ಥಿಕೆಯಿಂದ ನೆಕ್ಸ್ಟ್‌ಎರಾ ಎಂಬ ಕಂಪೆನಿಯು ತನ್ನ ಸುಮಾರು 2,400 ಹಳೆಯ ಯಂತ್ರಗಳನ್ನು ಕಿತ್ತು, ಅವುಗಳ ಬದಲಿಗೆ ನೂರರಷ್ಟು ದೊಡ್ಡ ಯಂತ್ರಗಳನ್ನು ಹಕ್ಕಿಗಳ ದಾರಿಯನ್ನು ತಪ್ಪಿಸಿ ನಿಲ್ಲಿಸಲು ಒಪ್ಪಿತು. ಆ ಅಟಾರ್ನಿ ಜನರಲ್ ಯಾರೆಂದರೆ, ಮೂವತ್ತು ವರ್ಷಗಳ ಹಿಂದೆ ಗವರ್ನರಾಗಿ ತೆರಿಗೆಯ ರಿಯಾಯಿತಿಯಿಂದ ಆ ಹಳೆಯ ಯಂತ್ರಗಳನ್ನು ನೆಡಿಸಿದ ಅದೇ ಜೆರಿ ಬ್ರೌನ್. ಚರಿತ್ರೆಯಲ್ಲಿ ಒಬ್ಬನೇ ಮನುಷ್ಯನಿಗೆ ತಾನು ಮಾಡಿದುದನ್ನು ತಾನೇ ತಿದ್ದುವ ಅವಕಾಶವು ಅಪರೂಪವಾಗಿ ದೊರೆಯುವುದು. 2012ರಲ್ಲಿ ವಾಸ್ಕೊ ಎಂಬ ಭಾಗದಲ್ಲಿ 438 ಹಳೆಯ ಯಂತ್ರಗಳ ಸ್ಥಾನದಲ್ಲಿ 34 ಹೊಸವು ನಿಂತುವು. ಗುಡ್ಡಗಳ ನಡುವಿನ ತಗ್ಗುಗಳನ್ನೂ ಇಳಿಜಾರುಗಳು ಕೂಡುವ ಮೂಲೆಗಳನ್ನೂ ಬಿಟ್ಟು ಅವುಗಳಿಗೆ ಜಾಗವನ್ನು ಗೊತ್ತುಮಾಡಿದರು. ಗಾಳಿಯು ಕಡಿಮೆಯಾಗಲಿಲ್ಲ, ವಿದ್ಯುತ್ತೂ ಕಡಿಮೆಯಾಗಲಿಲ್ಲ. ಬೇಟೆಹಕ್ಕಿಗಳ ಸಾವು ಕಡಿಮೆಯಾಯಿತು. ಆದರೆ ಗೋಲ್ಡನ್ ಹಿಲ್ಸ್ ಎಂಬ ಇನ್ನೊಂದು ಭಾಗದಲ್ಲಿ ಎದ್ದ ಹೊಸ ಯಂತ್ರಗಳು ಮೊದಲು ಊಹಿಸಿದುದಕ್ಕಿಂತ ಹೆಚ್ಚು ಗರುಡಗಳನ್ನು ಕೊಂದುವೆಂಬುದೂ ದಾಖಲೆಯಾಗಿದೆ. ದೊಡ್ಡದಾದ ಮಾತ್ರಕ್ಕೆ ಯಂತ್ರವು ನಿರಪಾಯವಾಗದು.

ಆಲ್ಟಮಾಂಟಿನ ಪಾಠವನ್ನು ಬೇರೆ ದೇಶಗಳು ಓದಿ ತಿಳಿದುವೆಂದು ಹೇಳುವಂತಿಲ್ಲ. ನಾರ್ವೆಯ ಸ್ಮೋಲಾ ದ್ವೀಪವು ಬಿಳಿಬಾಲದ ಕಡಲಹದ್ದಿನ ತವರು; 2002ರಲ್ಲಿಯೂ 2005ರಲ್ಲಿಯೂ ಅಲ್ಲಿ 68 ಯಂತ್ರಗಳನ್ನು ನಿಲ್ಲಿಸಿದರು, ಹದ್ದುಗಳು ಸತ್ತುವು. 2013ರಲ್ಲಿ ನಾಲ್ಕು ಯಂತ್ರಗಳ ಮೂರು ಅಲಗುಗಳಲ್ಲಿ ಒಂದಕ್ಕೆ ಕಪ್ಪು ಬಣ್ಣವನ್ನು ಬಳಿದು ನೋಡಲು ಅವುಗಳ ಬುಡದಲ್ಲಿ ಹಕ್ಕಿಗಳ ಸಾವು ನೂರಕ್ಕೆ 70ಕ್ಕಿಂತ ಹೆಚ್ಚಾಗಿ ತಗ್ಗಿತೆಂದು 2020ರಲ್ಲಿ ಪ್ರಕಟವಾಯಿತು. ನಾಲ್ಕೇ ಯಂತ್ರಗಳ ಪರೀಕ್ಷೆಯಾದ್ದರಿಂದ ಅದನ್ನು ಸಿದ್ಧಾಂತವೆಂದು ಹಿಡಿಯಲಾಗದು. ಇದಕ್ಕಿಂತ ನಂಬಿಕೆಗೆ ತಕ್ಕುದು ಸ್ಪೇನ್ ದೇಶದ ದಕ್ಷಿಣದ ತುದಿಯಾದ ತಾರೀಫಾದಲ್ಲಿ ನಡೆದುದು. ಅಲ್ಲಿಯ 13 ಯಂತ್ರಕ್ಷೇತ್ರಗಳಲ್ಲಿ ನೋಟಗಾರರನ್ನು ನಿಲ್ಲಿಸಿ, ಗ್ರಿಫನ್ ರಣಹದ್ದುಗಳು ಅಪಾಯದ ಯಂತ್ರಕ್ಕೆ ಸಮೀಪಿಸಿದ ಕೂಡಲೇ ಅದೊಂದನ್ನೇ ನಿಲ್ಲಿಸುವ ಕ್ರಮವನ್ನು ತಂದರು. ರಣಹದ್ದುಗಳ ಸಾವು ಅರ್ಧಕ್ಕಿಳಿಯಿತು. ಉತ್ಪತ್ತಿಯಲ್ಲಿ ಆದ ನಷ್ಟವು ನೂರಕ್ಕೆ 0.07 ಮಾತ್ರ. ಹೊಲ ಕಾಯುವ ಹುಡುಗನು ಮಾಡುವಂತಹ ಕೆಲಸಕ್ಕೆ ಇಂಜಿನಿಯರುಗಳು ಅಷ್ಟು ವರ್ಷ ಕಾದುದು ಆಶ್ಚರ್ಯವೇ ಸರಿ.

ಇನ್ನು ನಮ್ಮ ದೇಶದ ಕಡೆಗೆ ತಿರುಗೋಣ. ಭಾರತದ ಮೊದಲ ಗಾಳಿಯಂತ್ರ ಕ್ಷೇತ್ರಗಳು 1986ರ ಸುಮಾರಿಗೆ ಗುಜರಾತ್, ಮಹಾರಾಷ್ಟ್ರ, ತಮಿಳುನಾಡುಗಳ ಕರಾವಳಿಯಲ್ಲಿ ಎದ್ದುವು. 2006ರಲ್ಲಿ ಕೇಂದ್ರ ಸರಕಾರವು ಪರಿಸರದ ಮೇಲಣ ಪರಿಣಾಮವನ್ನು ಮುಂಚಿತವಾಗಿ ಪರೀಕ್ಷಿಸಬೇಕಾದ ಉದ್ಯಮಗಳ ಪಟ್ಟಿಯನ್ನು ಹೊರಡಿಸಿದಾಗ ಗಾಳಿವಿದ್ಯುತ್ತನ್ನು ಅದರಲ್ಲಿ ಸೇರಿಸಲಿಲ್ಲ. ಆದುದರಿಂದ ಎಣಿಕೆಯು ಇಲ್ಲಿಯೂ ಯಂತ್ರಗಳ ನಂತರವೇ ಬಂದಿತು. ಕೊಯಮತ್ತೂರಿನ ಸಲೀಂ ಅಲಿ ಪಕ್ಷಿಶಾಸ್ತ್ರ ಕೇಂದ್ರದವರು ಕಚ್ಛ್ ಪ್ರಾಂತದಲ್ಲಿಯೂ ನಮ್ಮ ದಾವಣಗೆರೆಯ ಸೀಮೆಯಲ್ಲಿಯೂ ಹುಡುಕಿ 2019ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕಚ್ಛಿನಲ್ಲಿ ಮೂರು ವರ್ಷಗಳಲ್ಲಿ 47 ಹೆಣಗಳೂ ದಾವಣಗೆರೆಯಲ್ಲಿ ಒಂದು ವರ್ಷದಲ್ಲಿ 7 ಹೆಣಗಳೂ ಸಿಕ್ಕಿದುವು. ಎರಡೂ ಕಡೆ ಲೆಕ್ಕವು ಯಂತ್ರವೊಂದಕ್ಕೆ ವರ್ಷಕ್ಕೆ ಸುಮಾರು ಅರ್ಧ ಹಕ್ಕಿ. ಅಲ್ಪವೆಂದು ತೋರುವ ಸಂಖ್ಯೆ. ಆದರೆ ಸತ್ತುದು ಪಾರಿವಾಳವೋ ಅಪರೂಪದ ಗಿಡುಗವೋ ಎಂಬುದರ ಮೇಲೆ ಅದರ ಬೆಲೆಯು ನಿಂತಿರುವುದು.

ಯಂತ್ರವು ಕೊಲ್ಲದ ಹಕ್ಕಿಯನ್ನು ಅದರ ತಂತಿಯು ಕೊಲ್ಲುವುದೂ ಉಂಟು. ಕೌಸನ ಹಳೆಯ ಲೇಖನಕ್ಕೆ ಇಲ್ಲಿ ಮತ್ತೆ ಅರ್ಥ ಬರುವುದು. ನಮ್ಮ ಎರೆನಾಡಿನವರು ಎರ್ಲಡ್ಡು ಎಂದು ಕರೆಯುವ ಮಹಾಪಕ್ಷಿಯು ಮುಖ್ಯವಾಗಿ ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ ಉಳಿದುಕೊಂಡಿದೆ. ಎಲ್ಲ ಸೇರಿದರೂ ನೂರೈವತ್ತರ ಆಸುಪಾಸು. ಗಾಳಿಯ ಮತ್ತು ಬಿಸಿಲಿನ ವಿದ್ಯುತ್ತನ್ನು ಸಾಗಿಸಲು ಆ ಬಯಲಿನಲ್ಲಿ ಎಳೆದ ತಂತಿಗಳಿಗೆ ಬಡಿದು ಅವು ಸಾಯುತ್ತಿರುವುವೆಂದು ಎಂ. ಕೆ. ರಂಜಿತ್‌ಸಿಂಹರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 2021ರ ಏಪ್ರಿಲ್‌ನಲ್ಲಿ ನ್ಯಾಯಾಲಯವು ತಂತಿಗಳನ್ನು ನೆಲದಡಿಗೆ ಒಯ್ಯಬೇಕೆಂದು ಆಜ್ಞಾಪಿಸಿತು. ಇಂಗಾಲವನ್ನು ಉಗುಳದ ಶಕ್ತಿಯೂ ದೇಶಕ್ಕೆ ಅವಶ್ಯಕವೆಂಬ ವಾದವನ್ನು ಕೇಳಿ 2024ರ ಮಾರ್ಚ್‌ನಲ್ಲಿ ಆ ಆಜ್ಞೆಯನ್ನು ಸಡಿಲಿಸಿ ತಜ್ಞರ ಸಮಿತಿಗೆ ವಿಷಯವನ್ನು ಒಪ್ಪಿಸಿತು. ಈ ಎರಡು ಪಕ್ಷಗಳಲ್ಲಿ ಯಾವುದೂ ಸುಳ್ಳಲ್ಲವಾದ್ದರಿಂದಲೇ ನ್ಯಾಯವು ಕಠಿನವಾಯಿತು. ನಮ್ಮಲ್ಲಿ 1974ರಲ್ಲಿ ಕೃಷ್ಣಮೃಗದೊಡನೆ ಈ ಹಕ್ಕಿಯನ್ನೂ ಕಾಯಲು ರಾಣೆಬೆನ್ನೂರಿನ ಅಭಯಾರಣ್ಯವನ್ನು ಏರ್ಪಡಿಸಿದರು. ಈಚಿನ ವರ್ಷಗಳಲ್ಲಿ ಎರ್ಲಡ್ಡು ಬೆರಳೆಣಿಕೆಯಲ್ಲಿ ಕಂಡುಬಂದುದು ಬಳ್ಳಾರಿಯ ಸಿರುಗುಪ್ಪದ ಎರೆಹೊಲಗಳಲ್ಲಿ.

ಕೊನೆಯದಾಗಿ ಒಂದು ಸಂಗತಿ. ಇದು ಹೆಣಗಳ ಲೆಕ್ಕಕ್ಕೆ ಸಿಕ್ಕದುದು. ಮಹಾರಾಷ್ಟ್ರದ ಸಾತಾರೆಯ ಹತ್ತಿರ ಸಹ್ಯಾದ್ರಿಯ ನೆತ್ತಿಯ ಮೇಲೆ ಚಾಳ್ಕೇವಾಡಿ ಎಂಬ ಕಲ್ಲುಬಯಲಿದೆ; ಅಲ್ಲಿಯ ಒಂದು ಭಾಗದಲ್ಲಿ ಬಹುವರ್ಷಗಳಿಂದ ಗಾಳಿಯಂತ್ರಗಳು ತಿರುಗುತ್ತಿವೆ, ಪಕ್ಕದ ಭಾಗದಲ್ಲಿ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಥಾಕರ್ ಅವರೂ ಅವರ ಸಂಗಡಿಗರೂ ಎರಡು ಭಾಗಗಳನ್ನೂ ಹೋಲಿಸಿ 2018ರಲ್ಲಿ ತಮ್ಮ ಶೋಧನೆಯನ್ನು ಪ್ರಕಟಿಸಿದರು. ಯಂತ್ರಗಳಿಲ್ಲದ ಕಡೆ ಬೇಟೆಹಕ್ಕಿಗಳು ಸುಮಾರು ನಾಲ್ಕು ಪಾಲು ಹೆಚ್ಚಾಗಿದ್ದುವು. ಯಂತ್ರಗಳಿದ್ದ ಕಡೆಯಿಂದ ಅವು ದೂರವಾಗಿದ್ದುವು. ಆಗ ಆ ನೆಲದಲ್ಲಿ ಹೆಚ್ಚಿದುದು ಓತಿಕೇತಗಳು, ಗಂಟಲಿನ ಕೆಳಗೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಬಣ್ಣದ ಚರ್ಮವುಳ್ಳ ಒಂದು ಸಣ್ಣ ಜಾತಿ. ತಿನ್ನುವವರಿಲ್ಲದ ಸೀಮೆಯಲ್ಲಿ ಅವುಗಳ ಹೆದರಿಕೆಯು ಹೋಗಿದ್ದಿತು. ಮನುಷ್ಯನು ಹತ್ತಿರ ಬಂದರೂ ಅವು ಬೇಗ ಓಡುತ್ತಿರಲಿಲ್ಲ. ರಕ್ತವನ್ನು ಪರೀಕ್ಷಿಸಿದಾಗ ಭಯದಿಂದ ಹುಟ್ಟುವ ರಸವೂ ಕಡಿಮೆಯಾಗಿ ತೋರಿತು. ಆದರೆ ಸಂಖ್ಯೆಯು ಹೆಚ್ಚಿ ಮೇವು ಹಂಚಿಹೋದುದರಿಂದ ಅವುಗಳ ಮೈಯು ಸೊರಗಿದ್ದಿತು. ಗಂಡು ಓತಿಯು ಹೆಣ್ಣಿನೆದುರಿಗೆ ಬಿಚ್ಚಿ ತೋರಿಸುವ ಗಂಟಲಿನ ನೀಲಿಯೂ ಕಿತ್ತಿಳೆಯೂ ಪಕ್ಕದ ಬಯಲಿನ ಓತಿಗಿಂತ ಮಂಕಾಗಿದ್ದುವು.